ಈಜಿಪ್ಟಿನ ಒಡವೆಗಳಲ್ಲಿ ಬಣ್ಣಕ್ಕೇ ಬೆಲೆ

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಚಿನ್ನದ ಒಂದು ಪದಕವಿದೆ. ಎತ್ತರ 4.5 ಸೆಂಟಿಮೀಟರ್, ಅಗಲ 8.2 ಸೆಂಟಿಮೀಟರ್. ಅಂಗೈ ಮೇಲೆ ಆರಾಮಾಗಿ ಕೂರುವಷ್ಟು ಚಿಕ್ಕದು. ಅಷ್ಟೇ ಜಾಗದಲ್ಲಿ 372 ಕಲ್ಲಿನ ತುಣುಕುಗಳಿವೆ. ಒಂದೊಂದು ತುಣುಕನ್ನೂ ಅದು ಕೂರಬೇಕಾದ ಗೂಡಿನ ಆಕಾರಕ್ಕೆ ಸರಿಯಾಗಿ ಕತ್ತರಿಸಿ, ಉಜ್ಜಿ, ನಯ ಮಾಡಿ ಕೂರಿಸಿದ್ದಾರೆ. ಇದನ್ನು ಮಾಡಿ ಸುಮಾರು 3900 ವರ್ಷಗಳಾಗಿವೆ. ಆಗ ಅಕ್ಕಸಾಲಿಗನ ಕೈಯಲ್ಲಿ ಉಕ್ಕಿನ ಉಪಕರಣ ಒಂದೂ ಇರಲಿಲ್ಲ.

ಇದು ಸಿತ್‌ಹಾಥೋರ್‌ಯುನೆಟ್ ಎಂಬ ರಾಜಕುಮಾರಿಯದು. ಅವಳು 12ನೇ ರಾಜವಂಶದ ಫೇರೋ ಎರಡನೇ ಸೆನುಸ್ರೆಟ್‌ನ ಮಗಳು. ಅವಳ ಗೋರಿ ಇದ್ದದ್ದು ಲಾಹುನ್‌ನಲ್ಲಿ, ಅಪ್ಪನ ಪಿರಮಿಡ್ಡಿನ ಪಕ್ಕದಲ್ಲೇ. ಕಳ್ಳರು ಹಿಂದೆಯೇ ಆ ಗೋರಿಗೆ ನುಗ್ಗಿ ಶವಪೆಟ್ಟಿಗೆಯನ್ನು ದೋಚಿಬಿಟ್ಟಿದ್ದರು. ಆದರೆ ಗೋಡೆಯಲ್ಲಿದ್ದ ಒಂದು ಗೂಡಿಗೆ ಕೈ ಹಾಕಿರಲಿಲ್ಲ. ಆಮೇಲೆ ಮಳೆಯ ನೀರು ಹೊತ್ತು ತಂದ ಕೆಸರು ಆ ಗೂಡನ್ನು ತುಂಬಿ ಗಟ್ಟಿಯಾಯಿತು. 1914ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಯ ತಂಡದ ಗೈ ಬ್ರಂಟನ್ ಆ ಕೆಸರನ್ನು ಕೆರೆಯುತ್ತಾ ಹೋದಾಗ ಚಿನ್ನದ ಉಂಗುರಾಕಾರದ ಮಣಿಗಳು ಕಂಡವು. ಮುಂದಿನ ಕೆಲವು ದಿನ ಅವರು ಹಗಲೂ ರಾತ್ರಿ ಗೋರಿಯಲ್ಲೇ ಇದ್ದು, ಒಂದು ಮಣಿಗೂ ಗೀರು ಬೀಳದ ಹಾಗೆ ಎಲ್ಲವನ್ನೂ ಬಿಡಿಸಿ ತೆಗೆದರು. ಕಿರೀಟದಂಥ ಕೆಲವು ವಸ್ತುಗಳು ಕೈರೋದಲ್ಲಿ ಉಳಿದವು. ಈ ಪದಕ ಸೇರಿದಂತೆ ಹೆಚ್ಚಿನವು ನ್ಯೂಯಾರ್ಕಿಗೆ ಹೋದವು.

ಪದಕವನ್ನು ಸುಮ್ನೆ ನೋಡಿದರೆ ಎರಡು ಗಿಡುಗಗಳು ಎದುರುಬದುರಾಗಿ ನಿಂತಿರುವ ಒಂದು ಚಂದದ ಚಿತ್ರ ಅನ್ನಿಸುತ್ತದೆ. ಆದರೆ ಈಜಿಪ್ಟಿನವರ ಬರಹವೇ ಚಿತ್ರಲಿಪಿ. ಹಾಗಾಗಿ ಇದನ್ನು ಓದಲೂಬಹುದು. ಕೆಳಗೆ ಅಂಕುಡೊಂಕಾದ ಗೆರೆ, ಅದು ಸೃಷ್ಟಿಗೂ ಮುಂಚೆ ಇದ್ದ ನೀರು. ಅದರ ಮೇಲೆ ಸೂರ್ಯದೇವನ ಗಿಡುಗಗಳು. ಅವುಗಳ ಉಗುರಿನಲ್ಲಿ ಒಂದೊಂದು ಬಳೆ: ಸೂರ್ಯ ಸುತ್ತಿ ಬರುವ ಎಲ್ಲವೂ ಎಂದರ್ಥ. ಮೇಲೆ ಹೆಡೆಯೆತ್ತಿದ ನಾಗರಗಳು, ಅವುಗಳಿಗೆ ತೂಗಿಬಿದ್ದ ಜೀವದ ಚಿಹ್ನೆ. ನಡುವಿನ ಉದ್ದುಂಡೆ ಚೌಕಟ್ಟಿನೊಳಗೆ ರಾಜನ ಹೆಸರು. ಅದರ ಕೆಳಗೆ ಮಂಡಿಯೂರಿ ಕೂತ ಹೆಹ್ ಎಂಬ ದೇವರು ಎರಡು ಕೈಯಲ್ಲೂ ತಾಳೆಗರಿಯ ದಿಂಡು ಹಿಡಿದಿದ್ದಾನೆ. ಅಂದರೆ ಹತ್ತು ಲಕ್ಷ ವರ್ಷ. ಅವನ ತೋಳಿನಿಂದ ಒಂದು ಗೊದಮೊಟ್ಟೆ ನೇತಾಡುತ್ತಿದೆ. ಗೊದಮೊಟ್ಟೆ ಅಂದರೆ ಒಂದು ಲಕ್ಷ. ಒಟ್ಟು ಸೇರಿಸಿ ಓದಿದರೆ: ಸೂರ್ಯದೇವನು ಈ ರಾಜನಿಗೆ ಸೂರ್ಯ ಸುತ್ತುವ ಎಲ್ಲದರ ಮೇಲೂ ಒಡೆತನವನ್ನೂ ಬಾಳನ್ನೂ ಹನ್ನೊಂದು ಲಕ್ಷ ವರ್ಷ ಕೊಡಲಿ. ಮಗಳ ಎದೆಯ ಮೇಲೆ ಅಪ್ಪನಿಗಾಗಿ ಒಂದು ಪ್ರಾರ್ಥನೆ.

ಪ್ರಾಚೀನ ಈಜಿಪ್ಟಿನ ಒಡವೆಗಳನ್ನು ಅರ್ಥ ಮಾಡಿಕೊಳ್ಳಲು ಇದೇ ಕೀಲಿ. ಅವು ಅಲಂಕಾರವೂ ಹೌದು, ಸಂಪತ್ತೂ ಹೌದು. ಆದರೆ ಅದಕ್ಕಿಂತ ಮುಂಚೆ ಅವು ರಕ್ಷೆ, ಹರಕೆ, ಮಂತ್ರ. ಆ ಮಂತ್ರದ ಅರ್ಧ ಭಾಗ ಆಕಾರದಲ್ಲಿದ್ದರೆ ಇನ್ನರ್ಧ ಬಣ್ಣದಲ್ಲಿತ್ತು.

ವಜ್ರ ಇಲ್ಲ, ಮಾಣಿಕ್ಯ ಇಲ್ಲ

ಫೇರೋಗಳ ಕಾಲದ ಒಡವೆಗಳಲ್ಲಿ ವಜ್ರ, ಮಾಣಿಕ್ಯ, ನೀಲ ಯಾವುದೂ ಸಿಗುವುದಿಲ್ಲ. ಪಚ್ಚೆ ಈಜಿಪ್ಟಿನ ಮರುಭೂಮಿಯಲ್ಲೇ ಇದ್ದರೂ ಅದನ್ನು ಅಗೆದು ತೆಗೆಯಲು ಶುರು ಮಾಡಿದ್ದು ಫೇರೋಗಳ ಕಾಲ ಮುಗಿದ ಮೇಲೆ, ಗ್ರೀಕ್ ಮತ್ತು ರೋಮನ್ನರ ಆಳ್ವಿಕೆಯಲ್ಲಿ. ಅದಕ್ಕೂ ಮುಂಚಿನ ಮೂರು ಸಾವಿರ ವರ್ಷ ಅವರು ಬಳಸಿದ್ದು ನಾವು ಉಪರತ್ನ ಅನ್ನುವ ಕಲ್ಲುಗಳನ್ನು. ಅದರಲ್ಲೂ ಮೂರು ಮುಖ್ಯ. ಕೆಂಪಗಿನ ಕಾರ್ನೀಲಿಯನ್, ಅಂದರೆ ಅಕೀಕಿನ ಜಾತಿಯ ಕಲ್ಲು. ಹಸಿರು ಮಿಶ್ರಿತ ತಿಳಿನೀಲಿಯ ಪಿರೋಜ. ಕಡುನೀಲಿಯ ಲ್ಯಾಪಿಸ್ ಲಾಜುಲಿ. ಇವುಗಳ ಜೊತೆಗೆ ಹಸಿರು ಫೆಲ್ಡ್‌ಸ್ಪಾರ್, ನೇರಳೆ ಬಣ್ಣದ ಅಮೆಥಿಸ್ಟ್, ಗಾರ್ನೆಟ್, ಜಾಸ್ಪರ್.

ಇವತ್ತು ಹರಳಿನ ಅಂಗಡಿಗೆ ಹೋದರೆ ಹೊಳಪು ಎಷ್ಟು, ಪಾರದರ್ಶಕ ಎಷ್ಟು, ತೂಕ ಎಷ್ಟು ಅಂತ ಕೇಳುತ್ತೇವೆ. ಈಜಿಪ್ಟಿನವರ ಕಣ್ಣು ಹುಡುಕಿದ್ದು ಬೇರೆಯದನ್ನು. ಬೆಳಕು ಒಡೆದು ಮಿನುಗುವ ಹರಳು ಅವರಿಗೆ ಬೇಕಿರಲಿಲ್ಲ. ಬಣ್ಣ ಗಟ್ಟಿಯಾಗಿ, ಸಮನಾಗಿ, ಚಿತ್ರಕ್ಕೆ ಬಳಿದ ಹಾಗೆ ಇರಬೇಕಿತ್ತು. ಯಾಕೆಂದರೆ ಬಣ್ಣಕ್ಕೆ ಶಕ್ತಿ ಇತ್ತು. ಹಸಿರು ಅಂದರೆ ನೈಲ್ ನದಿಯ ಪ್ರವಾಹ ಇಳಿದ ಮೇಲೆ ಚಿಗುರುವ ಪೈರು, ಮತ್ತೆ ಹುಟ್ಟುವ ಜೀವ. ಕೆಂಪು ಅಂದರೆ ರಕ್ತ, ಸೂರ್ಯ, ಕಸುವು, ಜೊತೆಗೆ ಅಪಾಯವೂ. ಕಡುನೀಲಿ ಅಂದರೆ ರಾತ್ರಿಯ ಆಕಾಶ. ಲ್ಯಾಪಿಸ್ ಕಲ್ಲಿನೊಳಗೆ ಪೈರೈಟ್ ಎಂಬ ಖನಿಜದ ಚಿನ್ನದ ಬಣ್ಣದ ಚುಕ್ಕಿಗಳಿರುತ್ತವೆ. ನಕ್ಷತ್ರ ತುಂಬಿದ ಆಕಾಶ ಅಂತ ಅನ್ನಿಸದೇ ಇರದು, ಅಲ್ವಾ?

ಇನ್ನು ಚಿನ್ನ. ಅದು ಮಂಕಾಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದ್ದರಿಂದ ಅದು ದೇವರ ಮೈ. ಅವರ ಬರಹಗಳ ಪ್ರಕಾರ ದೇವತೆಗಳ ಮಾಂಸ ಚಿನ್ನದ್ದು, ಮೂಳೆ ಬೆಳ್ಳಿಯದು, ಕೂದಲು ಅಪ್ಪಟ ಲ್ಯಾಪಿಸ್‌ನದು. ಹುಡುಗ ಫೇರೋ ಟುಟಾಂಖಾಮುನ್‌ನ ಮುಖವಾಡ ನೆನಪಿಸಿಕೊಳ್ಳಿ. ಮುಖವೆಲ್ಲ ಚಿನ್ನ. ಹುಬ್ಬು, ಕಣ್ಣಿನ ಕಾಡಿಗೆಯ ಗೆರೆ ಲ್ಯಾಪಿಸ್. ಸತ್ತ ಹತ್ತೊಂಬತ್ತರ ಆಸುಪಾಸಿನ ಹುಡುಗನನ್ನು ಆ ಲೋಹ, ಆ ಕಲ್ಲು ಸೇರಿ ದೇವರನ್ನಾಗಿ ಮಾಡಬೇಕಿತ್ತು.

ಬಣ್ಣದ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟು ಎನ್ನುವುದು ಸತ್ತವರ ಜೊತೆ ಇಡುತ್ತಿದ್ದ ಮಂತ್ರಗಳ ಸುರುಳಿಗಳಲ್ಲಿ ಗೊತ್ತಾಗುತ್ತದೆ. ನಾವು ಸತ್ತವರ ಪುಸ್ತಕ ಅಂತ ಕರೆಯುವ ಆ ಸಂಗ್ರಹದಲ್ಲಿ ಯಾವ ತಾಯಿತಕ್ಕೆ ಯಾವ ವಸ್ತು ಅನ್ನುವುದನ್ನು ಬರೆದೇ ಇಟ್ಟಿದ್ದಾರೆ. ಸತ್ತವರ ಲೋಕದ ದೇವರು ಒಸಿರಿಸ್‌ನ ಬೆನ್ನೆಲುಬಿನ ಚಿಹ್ನೆಯಾದ ಕಂಬ ಚಿನ್ನದ್ದಾಗಬೇಕು. ಐಸಿಸ್ ದೇವಿಯ ಗಂಟಿನ ತಾಯಿತ ಕೆಂಪು ಜಾಸ್ಪರ್‌ನದು, ಯಾಕೆಂದರೆ ಆ ಮಂತ್ರ ಅವಳ ರಕ್ತದ ಬಗ್ಗೆ. ಪಪೈರಸ್ ಎಂಬ ಜೊಂಡಿನ ಕಾಂಡದ ಆಕಾರದ ತಾಯಿತ ಹಸಿರು ಫೆಲ್ಡ್‌ಸ್ಪಾರ್‌ನದು. ವೈದ್ಯರು ಔಷಧಿ ಚೀಟಿ ಬರೆದ ಹಾಗೆ.

ಕಲ್ಲು ಬಂದ ದಾರಿ

ಪಿರೋಜ ಸಿಗುತ್ತಿದ್ದದ್ದು ಸಿನಾಯ್ ಬೆಟ್ಟಗಳಲ್ಲಿ. ಸೆರಾಬಿತ್ ಅಲ್ ಖಾದಿಮ್ ಎಂಬ ಎತ್ತರದ ಬೆಟ್ಟದಲ್ಲಿ ಗಣಿಗಳಿದ್ದವು. ಅಲ್ಲೇ ಹಾಥೋರ್ ದೇವಿಗೆ ಒಂದು ಗುಡಿ. ಪಿರೋಜದ ಒಡತಿ ಅಂತಲೇ ಅವಳಿಗೆ ಹೆಸರು. ಗಣಿಗೆ ಹೋದ ದಂಡುಗಳು ಅಲ್ಲಿ ಕಲ್ಲು ನೆಟ್ಟು ತಮ್ಮ ಅನುಭವ ಕೆತ್ತಿಸಿ ಬರುತ್ತಿದ್ದವು. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಹರೂರ್ರೆ ಎಂಬ ಅಧಿಕಾರಿಯ ಶಾಸನ. ಮೂರನೇ ಅಮೆನೆಮ್ಹಾಟ್‌ನ ಆಳ್ವಿಕೆಯ ಆರನೇ ವರ್ಷದಲ್ಲಿ ಅವನನ್ನು ಅಲ್ಲಿಗೆ ಕಳಿಸಿದರು. ಆದರೆ ಅವನು ತಲುಪುವ ಹೊತ್ತಿಗೆ ಬೇಸಿಗೆ ಹತ್ತಿರ ಬಂದಿತ್ತು. ಪಿರೋಜ ತೆಗೆಯುವ ಕಾಲವೇ ಅದಲ್ಲ. ಬಿಸಿಲಿಗೆ ಬೆಟ್ಟ ಸುಡುತ್ತದೆ, ಮೈಗೆ ಬರೆ ಎಳೆದ ಹಾಗಾಗುತ್ತದೆ. ಕಲ್ಲೇನೋ ಇರುತ್ತದೆ, ಆದರೆ ಈ ಕಾಲದಲ್ಲಿ ಅದರ ಬಣ್ಣ ಚೆನ್ನಾಗಿರುವುದಿಲ್ಲ ಅಂತ ಅನುಭವಸ್ಥ ಕೆಲಸಗಾರರು ಅವನಿಗೆ ಹೇಳಿದರು.

ಹರೂರ್ರೆ ಹಿಂದೆ ಸರಿಯಲಿಲ್ಲ. ದೇವಿಯನ್ನು ನಂಬಿ ಕೆಲಸ ಹಚ್ಚಿದ. ಒಳ್ಳೆಯ ಬಣ್ಣದ ಕಲ್ಲೇ ಸಿಕ್ಕಿತು, ಬಂದವರಲ್ಲಿ ಒಬ್ಬರನ್ನೂ ಕಳೆದುಕೊಳ್ಳದೆ ಎಲ್ಲರನ್ನೂ ವಾಪಸ್ ಕರೆದುಕೊಂಡು ಹೋದೆ ಅಂತ ಬರೆಸಿದ. ಮುಂದೆ ಇಂಥದೇ ಕೆಟ್ಟ ಕಾಲದಲ್ಲಿ ಬರುವ ಅಧಿಕಾರಿಗಳಿಗೆ ಅದೊಂದು ಧೈರ್ಯದ ಮಾತು. ನಾಲ್ಕು ಸಾವಿರ ವರ್ಷದ ಹಿಂದಿನ ಒಬ್ಬ ಸರ್ಕಾರಿ ನೌಕರ, ತಪ್ಪು ಸಮಯದಲ್ಲಿ ಬಂದ ಆದೇಶ, ತಲೆ ಮೇಲೆ ಬಿಸಿಲು, ಜನರ ಜವಾಬ್ದಾರಿ. ಆ ಎಲ್ಲ ಕಷ್ಟ ಬರೀ ಒಂದು ಕಲ್ಲಿಗಲ್ಲ, ಕಲ್ಲಿನ ಸರಿಯಾದ ಬಣ್ಣಕ್ಕೆ. ಪಿರೋಜ ಬಿಸಿಲು, ಶಾಖಕ್ಕೆ ಬಣ್ಣ ಕಳೆದುಕೊಳ್ಳುವ ಕಲ್ಲು ಎನ್ನುವುದು ಇವತ್ತಿಗೂ ನಿಜ.

ಇದೇ ಗಣಿಗಳಲ್ಲಿ ಪೆಟ್ರಿ 1905ರಲ್ಲಿ ಇನ್ನೊಂದು ಬಗೆಯ ಬರಹಗಳನ್ನು ಕಂಡರು. ಈಜಿಪ್ಟಿನ ಚಿತ್ರಗಳನ್ನು ಹೋಲುವ ಕೆಲವೇ ಅಕ್ಷರಗಳಲ್ಲಿ ಯಾರೋ ತಮ್ಮ ಸೆಮಿಟಿಕ್ ಭಾಷೆಯನ್ನು ಬರೆದಿದ್ದರು. ಫಿನೀಷಿಯನ್, ಅರಮಾಯಿಕ್, ಗ್ರೀಕ್ ಲಿಪಿಗಳ ಬೇರು ಅಲ್ಲಿದೆ. ಬ್ರಾಹ್ಮಿಯೂ ಅರಮಾಯಿಕ್‌ನಿಂದ ಪ್ರೇರಣೆ ಪಡೆದದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಅದನ್ನು ಒಪ್ಪಿದರೆ ಬ್ರಾಹ್ಮಿಯಿಂದ ಬಂದ ನಮ್ಮ ಕನ್ನಡ ಅಕ್ಷರದ ದೂರದ ನೆಂಟರೂ ಆ ಪಿರೋಜದ ಬೆಟ್ಟದಲ್ಲಿದ್ದಾರೆ.

ಲ್ಯಾಪಿಸ್‌ನ ಕತೆ ಇನ್ನೂ ದೂರದ್ದು. ಈಜಿಪ್ಟಿನಲ್ಲಿ ಅದು ಸಿಗುವುದೇ ಇಲ್ಲ. ಬರಬೇಕಿದ್ದದ್ದು ಇವತ್ತಿನ ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳಿಂದ. ನೇರ ಗೆರೆ ಎಳೆದರೂ 3500 ಕಿಲೋಮೀಟರಿಗಿಂತ ಜಾಸ್ತಿ. ಹಾಗಿದ್ದರೂ ಫೇರೋಗಳಿಗಿಂತ ಮುಂಚಿನ ಗೋರಿಗಳಲ್ಲೇ ಲ್ಯಾಪಿಸ್ ಮಣಿಗಳು ಸಿಕ್ಕಿವೆ. ಯಾವ ಒಬ್ಬ ವ್ಯಾಪಾರಿಯೂ ಇಡೀ ದಾರಿ ನಡೆದಿರಲಾರ. ಕೈಯಿಂದ ಕೈಗೆ, ಊರಿಂದ ಊರಿಗೆ, ಇರಾನ್, ಮೆಸೊಪೊಟೇಮಿಯ, ಸಿರಿಯಾ ದಾಟಿ ಬಂದ ಕಲ್ಲು ಅದು. 1936ರಲ್ಲಿ ಲಕ್ಸರ್ ಹತ್ತಿರದ ತೋದ್ ಎಂಬ ಊರಿನ ದೇವಸ್ಥಾನದ ನೆಲದಡಿ ನಾಲ್ಕು ಪೆಟ್ಟಿಗೆಗಳು ಸಿಕ್ಕವು. ಅವುಗಳ ಮೇಲೆ ಎರಡನೇ ಅಮೆನೆಮ್ಹಾಟ್‌ನ ಹೆಸರಿತ್ತು. ಒಳಗೆ ಬೆಳ್ಳಿ, ಚಿನ್ನದ ಜೊತೆ ರಾಶಿ ಲ್ಯಾಪಿಸ್. ಕೆತ್ತದ ಗಟ್ಟಿಗಳು, ಮಣಿಗಳು, ಮೆಸೊಪೊಟೇಮಿಯದ ಮುದ್ರೆಗಳು ಕೂಡ. ದಾರಿಯಲ್ಲಿ ಸಿಕ್ಕ ಊರುಗಳ ಗುರುತನ್ನು ಕಲ್ಲು ಹೊತ್ತುಕೊಂಡೇ ಬಂದಿತ್ತು.

ಉಳಿದವು ಅಷ್ಟು ದೂರದವಲ್ಲ. ಕಾರ್ನೀಲಿಯನ್ ಮರುಭೂಮಿಯಲ್ಲಿ ಉರುಟು ಕಲ್ಲುಗಳಾಗಿ ಬಿದ್ದಿರುತ್ತಿತ್ತು. ಅಮೆಥಿಸ್ಟ್ ಅಸ್ವಾನ್ ಹತ್ತಿರದ ವಾದಿ ಅಲ್ ಹೂದಿಯಿಂದ ಬಂತು. ಹಸಿರು ಫೆಲ್ಡ್‌ಸ್ಪಾರ್ ಪೂರ್ವದ ಮರುಭೂಮಿಯದು.

ಚಿನ್ನಕ್ಕೆ ಮಾತ್ರ ಕೊರತೆ ಇರಲಿಲ್ಲ. ನೈಲ್ ಮತ್ತು ಕೆಂಪು ಸಮುದ್ರದ ನಡುವಿನ ಬೆಟ್ಟಗಳಲ್ಲಿ, ದಕ್ಷಿಣಕ್ಕೆ ನೂಬಿಯಾದಲ್ಲಿ ಗಣಿಗಳಿದ್ದವು. ಇಟಲಿಯ ಟ್ಯುರಿನ್ ನಗರದಲ್ಲಿ ಕ್ರಿ.ಪೂ. 1150ರ ಸುಮಾರಿನ ಒಂದು ಪಪೈರಸ್ ನಕ್ಷೆ ಇದೆ. ವಾದಿ ಹಮ್ಮಾಮಾತ್‌ನ ದಾರಿ, ಬೆಟ್ಟ, ಬಾವಿ, ಚಿನ್ನದ ಗಣಿ ಎಲ್ಲವನ್ನೂ ಅದರಲ್ಲಿ ಗುರುತಿಸಿದ್ದಾರೆ. ಬೇರೆ ಬೇರೆ ಬಗೆಯ ಬಂಡೆಗೆ ಬೇರೆ ಬೇರೆ ಬಣ್ಣ ಕೊಟ್ಟಿದ್ದಾರೆ. ಹೊರದೇಶದವರ ಕಣ್ಣಿಗೆ ಈಜಿಪ್ಟ್ ಅಂದರೆ ಚಿನ್ನದ ನಾಡು. ಮಿತನ್ನಿ ಎಂಬ ರಾಜ್ಯದ ರಾಜ ತುಶ್ರತ್ತ, ಮೂರನೇ ಅಮೆನ್ಹೋಟೆಪ್‌ಗೆ ಜೇಡಿಮಣ್ಣಿನ ಹಲಗೆಯ ಮೇಲೆ ಬರೆಸಿದ ಪತ್ರದಲ್ಲಿ ನಿನ್ನ ದೇಶದಲ್ಲಿ ಚಿನ್ನ ಮಣ್ಣಿನಷ್ಟು ಬಿದ್ದಿದೆ, ನನಗೂ ಕಳಿಸು ಅಂತ ಕೇಳುತ್ತಾನೆ. ಬೆಳ್ಳಿ ಮಾತ್ರ ಅಲ್ಲಿ ಕಡಿಮೆ, ಹೊರಗಿನಿಂದ ಬರಬೇಕಿತ್ತು, ಅದಕ್ಕೇ ಅದರ ಬೆಲೆ ಹೆಚ್ಚು. ಹಾಗಾಗಿ ಮಹಾಪಿರಮಿಡ್ ಕಟ್ಟಿಸಿದ ಖುಫುವಿನ ತಾಯಿ ಹೆಟೆಫೆರೆಸ್‌ಳ ಗೋರಿಯಲ್ಲಿ 1925ರಲ್ಲಿ ಸಿಕ್ಕ ಬಳೆಗಳು ಬೆಳ್ಳಿಯವು. ಅವುಗಳ ಮೇಲೆ ಪಿರೋಜ, ಲ್ಯಾಪಿಸ್, ಕಾರ್ನೀಲಿಯನ್ ಕೂರಿಸಿ ಚಿಟ್ಟೆಗಳನ್ನು ಮಾಡಿದ್ದಾರೆ.

ಮಣ್ಣಿನಷ್ಟು ಅಂದ ಮಾತ್ರಕ್ಕೆ ಚಿನ್ನ ಸುಲಭವಾಗಿ ಸಿಗುತ್ತಿರಲಿಲ್ಲ. ಗ್ರೀಕ್ ರಾಜರ ಕಾಲಕ್ಕೆ ಬಂದರೆ ಗಣಿಗಳ ವಿವರವಾದ ವರ್ಣನೆ ಸಿಗುತ್ತದೆ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ ಬಿರುಕು ಬಿಡಿಸುವುದು, ಒಡೆಯುವುದು, ಕುಟ್ಟುವುದು, ಬೀಸುಕಲ್ಲಿನಲ್ಲಿ ಹಿಟ್ಟು ಮಾಡುವುದು, ಓರೆಯಾದ ಹಲಗೆ ಮೇಲೆ ನೀರು ಹರಿಸಿ ಚಿನ್ನದ ಪುಡಿ ಉಳಿಸಿಕೊಳ್ಳುವುದು. ಆ ಕೆಲಸ ಮಾಡುತ್ತಿದ್ದವರು ಕೈದಿಗಳು, ಯುದ್ಧದಲ್ಲಿ ಸೆರೆಸಿಕ್ಕವರು, ಕೆಲವೊಮ್ಮೆ ಅವರ ಹೆಂಡತಿ ಮಕ್ಕಳೂ. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಅವರ ನೆನಪೂ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ತಾಮ್ರದಿಂದ ಕಲ್ಲು ಕೊರೆಯುವುದು

ಕಾರ್ನೀಲಿಯನ್‌ನ ಗಡಸುತನ ಮೋಹ್ಸ್ ಅಳತೆಯಲ್ಲಿ ಸುಮಾರು 7. ತಾಮ್ರದ್ದು 3. ಮೆತ್ತನೆಯ ತಾಮ್ರ ಗಡಸು ಕಲ್ಲನ್ನು ಕೊರೆಯುವುದು ಹೇಗೆ? ಕೊರೆಯುವುದು ತಾಮ್ರವಲ್ಲ, ಅದರ ತುದಿಗೆ ಹಾಕುವ ಮರಳಿನ ಪುಡಿ. ಮರಳು ಅಂದರೆ ಕ್ವಾರ್ಟ್ಜ್, ಅದರ ಗಡಸುತನವೂ 7. ತಾಮ್ರದ ಕಡ್ಡಿ ಸುತ್ತುತ್ತಾ ಆ ಪುಡಿಯನ್ನು ಕಲ್ಲಿಗೆ ಒತ್ತಿ ಉಜ್ಜುತ್ತದೆ. ಕಲ್ಲು ಚೂರುಚೂರೇ ಸವೆಯುತ್ತದೆ, ಕಡ್ಡಿಯೂ ಸವೆಯುತ್ತದೆ.

ಕಡ್ಡಿಯನ್ನು ಸುತ್ತಿಸಲು ಬಿಲ್ಲು. ಬಿಲ್ಲಿನ ಹಗ್ಗವನ್ನು ಕಡ್ಡಿಗೆ ಒಂದು ಸುತ್ತು ಹಾಕಿ ಹಿಂದೆ ಮುಂದೆ ಎಳೆದರೆ ಕಡ್ಡಿ ಗಿರಗಿರ ತಿರುಗುತ್ತದೆ. ಲಕ್ಸರ್‌ನಲ್ಲಿರುವ ವಜೀರ ರೆಖ್‌ಮಿರೆಯ ಗೋರಿಯಲ್ಲಿ ಈ ಕೆಲಸದ ಚಿತ್ರವಿದೆ. ಅವನು ಮೂರನೇ ಥುತ್‌ಮೋಸ್‌ನ ಕಾಲದವನು. ಅಲ್ಲಿ ಮಣಿ ಕೊರೆಯುವವನು ಒಂದೇ ಬಿಲ್ಲಿಗೆ ಹಲವು ಕಡ್ಡಿಗಳನ್ನು ಕಟ್ಟಿ, ಒಟ್ಟಿಗೆ ಹಲವು ಮಣಿಗಳಿಗೆ ತೂತು ಮಾಡುತ್ತಿದ್ದಾನೆ. ಯಂತ್ರದ ಕಾಲಕ್ಕೆ ಮೂರು ಸಾವಿರ ವರ್ಷಕ್ಕೂ ಮುಂಚೆ ಉತ್ಪಾದನೆ ಹೆಚ್ಚಿಸುವ ಉಪಾಯ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಸೊಬೆಕ್‌ಹೋಟೆಪ್‌ನ ಗೋರಿಯ ಚಿತ್ರದ ತುಂಡಿನಲ್ಲೂ ಇದೇ ಕೆಲಸ ಕಾಣುತ್ತದೆ.

ಚಿನ್ನದ ಕೆಲಸಕ್ಕೆ ಬರೋಣ. ಗುಮಾಸ್ತ ಮೊದಲು ಚಿನ್ನ ತೂಗಿ ಬರೆದುಕೊಳ್ಳುತ್ತಾನೆ. ಆಮೇಲೆ ಅಕ್ಕಸಾಲಿಗನ ಕೈಗೆ. ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಬೇಕು. ಹಳೆಯ ಚಿತ್ರಗಳಲ್ಲಿ ಜನ ಕುಲುಮೆಯ ಸುತ್ತ ಕೂತು ಮಣ್ಣಿನ ತುದಿಯ ಕೊಳವೆಗಳಿಂದ ಬಾಯಲ್ಲೇ ಗಾಳಿ ಊದುತ್ತಾರೆ. ರೆಖ್‌ಮಿರೆಯ ಕಾಲಕ್ಕೆ ಕಾಲಲ್ಲಿ ತುಳಿಯುವ ತಿದಿ ಬಂದಿತ್ತು. ತಂತಿ ಎಳೆಯುವ ಅಚ್ಚು ಅವರ ಬಳಿ ಇರಲಿಲ್ಲ. ತೆಳುವಾದ ಚಿನ್ನದ ಪಟ್ಟಿಯನ್ನು ಹುರಿ ಮಾಡಿ, ಉರುಳಿಸಿ ತಂತಿ ಮಾಡುತ್ತಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಆ ತಂತಿಯ ಮೈಮೇಲೆ ಸುರುಳಿ ಗೆರೆ ಈಗಲೂ ಕಾಣುತ್ತದೆ.

ಲಾಹುನ್‌ನಲ್ಲಿ ಸಿಕ್ಕಂಥ ಪದಕಕ್ಕೆ ಮೊದಲು ಚಿನ್ನದ ತಗಡನ್ನು ಚಿತ್ರದ ಆಕಾರಕ್ಕೆ ಕತ್ತರಿಸುತ್ತಾರೆ. ಅದರ ಮೇಲೆ ಕಿರಿದಾದ ಚಿನ್ನದ ಪಟ್ಟಿಗಳನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ ಬೆಸೆಯುತ್ತಾರೆ. ಹೀಗೆ ಪುಟ್ಟ ಪುಟ್ಟ ಗೋಡೆಗಳ ಗೂಡುಗಳಾಗುತ್ತವೆ. ಗಿಡುಗದ ಒಂದೊಂದು ಗರಿಗೂ ಒಂದೊಂದು ಗೂಡು. ಬೆಸುಗೆಯಲ್ಲೇ ಇರುವುದು ಕಸುಬುದಾರಿಕೆ. ಬೆಸುಗೆಯ ಮಿಶ್ರಲೋಹ ಚಿನ್ನಕ್ಕಿಂತ ಸ್ವಲ್ಪವೇ ಕಡಿಮೆ ಶಾಖಕ್ಕೆ ಕರಗುತ್ತದೆ. ಶಾಖ ಕಮ್ಮಿಯಾದರೆ ಹಿಡಿಯುವುದಿಲ್ಲ. ತುಸು ಜಾಸ್ತಿಯಾದರೆ ಇಡೀ ಕೆಲಸವೇ ಕರಗಿ ಮುದ್ದೆಯಾಗುತ್ತದೆ. ಉಷ್ಣಮಾಪಕ ಇಲ್ಲ. ಕೆಂಡದ ಬಣ್ಣ, ಚಿನ್ನದ ಬಣ್ಣ ನೋಡಿ ಕಣ್ಣೇ ತೀರ್ಮಾನ ಮಾಡಬೇಕು.

ಆಮೇಲೆ ಕಲ್ಲು. ಗೂಡಿಗೆ ತಕ್ಕ ಹಾಗೆ ಪ್ರತಿ ತುಣುಕನ್ನೂ ತೇಯ್ದು ತೇಯ್ದು ಕೂರಿಸುವುದು, ಕೆಳಗೆ ಅಂಟು ಹಾಕುವುದು, ಕೊನೆಗೆ ಎಲ್ಲ ಸೇರಿ ಒಂದೇ ಮಟ್ಟಕ್ಕೆ ಬರುವ ಹಾಗೆ ನಯ ಮಾಡುವುದು. ನಮ್ಮ ಕುಂದಣದ ಕೆಲಸದಲ್ಲಿ ಮೆತ್ತನೆಯ ಅಪರಂಜಿಯ ರೇಕನ್ನು ಹರಳಿನ ಸುತ್ತ ಒತ್ತಿ ಕೂರಿಸುತ್ತಾರೆ, ಚಿನ್ನವೇ ಹರಳಿನ ಆಕಾರಕ್ಕೆ ಬಗ್ಗುತ್ತದೆ. ಇಲ್ಲಿ ಉಲ್ಟಾ. ಚಿನ್ನದ ಗೋಡೆ ಮೊದಲೇ ನಿಂತಿರುತ್ತದೆ, ಗಡಸು ಕಲ್ಲೇ ಅದಕ್ಕೆ ಬಗ್ಗಬೇಕು.

ಪದಕವನ್ನು ತಿರುಗಿಸಿದರೆ ಹಿಂಬದಿಯಲ್ಲಿ ಕಲ್ಲಿಲ್ಲ. ಬರೀ ಚಿನ್ನ. ಆದರೆ ಮುಂದಿನ ಅದೇ ಚಿತ್ರವನ್ನು, ಗರಿ ಗರಿಯನ್ನೂ ಬಿಡದೆ, ಚಿನ್ನದ ಮೇಲೆ ಗೆರೆಗಳಲ್ಲಿ ಮೂಡಿಸಿದ್ದಾರೆ. ಹಾಕಿಕೊಂಡಾಗ ಈ ಬದಿ ಎದೆಗೆ ತಾಗಿರುತ್ತದೆ. ಯಾರಿಗೂ ಕಾಣುವುದಿಲ್ಲ. ಹರಕೆ ಎರಡೂ ಕಡೆ ಪೂರ್ತಿ ಇರಬೇಕಲ್ಲ. ಈ ಹಿಂಬದಿಯೇ ನನಗೆ ಮುಂಬದಿಗಿಂತ ಜಾಸ್ತಿ ಹೇಳುತ್ತದೆ.

ಇದನ್ನೆಲ್ಲ ಮಾಡಿದವರ ಹೆಸರು ನಮಗೆ ಬಹುಪಾಲು ಗೊತ್ತಿಲ್ಲ. ಸಕ್ಕಾರ ಎಂಬಲ್ಲಿರುವ ಮೆರೆರುಕಾನ ಗೋರಿಯಲ್ಲಿ ಕುಳ್ಳ ದೇಹದ ಕುಶಲಕರ್ಮಿಗಳು ಅಗಲವಾದ ಕಂಠಹಾರಗಳನ್ನು ಜೋಡಿಸುತ್ತಿರುವುದು ಕಾಣುತ್ತದೆ. ಗುಮಾಸ್ತನ ಕೆಲಸವೇ ಒಳ್ಳೆಯದು ಅಂತ ಮಗನಿಗೆ ಬುದ್ಧಿ ಹೇಳುವ ಆ ಕಾಲದ ಒಂದು ಬರಹ ಒಡವೆ ಮಾಡುವವನ ಪಾಡನ್ನೂ ಹೇಳುತ್ತದೆ: ಗಡಸು ಕಲ್ಲು ಕೂರಿಸಿ ಕೂರಿಸಿ ತೋಳು ಸೋತಿರುತ್ತದೆ, ಹೊತ್ತು ಮುಳುಗುವಾಗ ಕೂತರೆ ಮೊಣಕಾಲು, ಬೆನ್ನು ಮುದುಡಿರುತ್ತವೆ.

ಗಾಜು ನಕಲಿಯೇ?

ಟುಟಾಂಖಾಮುನ್‌ನ ಮುಖವಾಡ ಹತ್ತು ಕಿಲೋಗೂ ಮೀರಿದ ಚಿನ್ನ. ಅದರ ತಲೆವಸ್ತ್ರದ ನೀಲಿ ಪಟ್ಟಿಗಳು ಮಾತ್ರ ಲ್ಯಾಪಿಸ್ ಅಲ್ಲ, ಗಾಜು. ಇದನ್ನು ಮೊದಲ ಸಲ ಕೇಳಿದವರಿಗೆ ನಿರಾಸೆಯಾಗುತ್ತದೆ. ಇಷ್ಟೊಂದು ಚಿನ್ನ ಇದ್ದವರು ಕಲ್ಲಿನಲ್ಲಿ ಮೋಸ ಮಾಡಿದರಾ ಅಂತ.

ಮೋಸವಲ್ಲ. ಬೇಕಿದ್ದದ್ದು ಬಣ್ಣ. ಆ ಬಣ್ಣವನ್ನು ಬೆಂಕಿಯಲ್ಲಿ ಹುಟ್ಟಿಸಲು ಬಂದರೆ ಅದೂ ಒಂದು ದೊಡ್ಡ ವಿದ್ಯೆಯೇ. ಅವರ ಭಾಷೆಯಲ್ಲಿ ಗಣಿಯ ಅಸಲಿ ಲ್ಯಾಪಿಸ್ ಬೇರೆ, ಕುಲುಮೆಯ ಲ್ಯಾಪಿಸ್ ಬೇರೆ ಎಂದು ಎರಡು ಹೆಸರಿದ್ದವು. ವ್ಯತ್ಯಾಸ ಗೊತ್ತಿತ್ತು, ಮುಚ್ಚಿಡಲಿಲ್ಲ. ಗಾಜು ಆಗಿನ್ನೂ ಹೊಸ ವಸ್ತು. ಅರಮನೆಯ ಆಶ್ರಯದಲ್ಲಿ ತಯಾರಾಗುತ್ತಿದ್ದ, ಎಲ್ಲರ ಕೈಗೆ ಸಿಗದ ವಸ್ತು.

ಗಾಜಿಗಿಂತ ತುಂಬಾ ಹಳೆಯದು ಫಯಾನ್ಸ್. ಕ್ವಾರ್ಟ್ಜ್ ಪುಡಿಗೆ ಸ್ವಲ್ಪ ಸುಣ್ಣ, ಕ್ಷಾರ, ತಾಮ್ರದ ಅಂಶ ಬೆರೆಸಿ ಕಲಸುತ್ತಾರೆ. ಅಚ್ಚಿಗೆ ಒತ್ತಿ ಒಣಗಿಸುವಾಗ ಕ್ಷಾರ ಮೇಲ್ಮೈಗೆ ಬಂದು ಪೊರೆ ಕಟ್ಟುತ್ತದೆ. ಸುಟ್ಟಾಗ ಆ ಪೊರೆಯೇ ಕರಗಿ ನೀಲಿ ಹಸಿರು ಬಣ್ಣದ ಹೊಳಪಾಗುತ್ತದೆ. ಪಿರೋಜ ಕೊಳ್ಳಲಾಗದ ಸಾಮಾನ್ಯರೂ ಅದೇ ಬಣ್ಣದ ಮಣಿ ಕಟ್ಟಿಕೊಂಡರು. ಅದೇ ರಕ್ಷೆ ಪಡೆದರು. ರಾಜರ ಒಡವೆಗಳಲ್ಲೂ ಫಯಾನ್ಸ್ ಇದೆ. ಟುಟಾಂಖಾಮುನ್‌ನ ವಸ್ತುಗಳಲ್ಲಿ ಕೆಲವು ಕಡೆ ಕಾರ್ನೀಲಿಯನ್ ಅಂತ ಕಾಣುವುದು ಬಣ್ಣವಿಲ್ಲದ ಕ್ವಾರ್ಟ್ಜ್. ಅದರ ಕೆಳಗೆ ಕೆಂಪು ಅಂಟು ಹಾಕಿದ್ದಾರೆ, ಆ ಕೆಂಪು ಮೇಲೆ ಹೊಮ್ಮುತ್ತದೆ.

ಟುಟಾಂಖಾಮುನ್‌ನದೇ ಒಂದು ಪದಕದ ನಡುವೆ ತಿಳಿಹಳದಿ ಬಣ್ಣದ ಜೀರುಂಡೆ ಇದೆ. 1922ರಲ್ಲಿ ಗೋರಿ ಕಂಡುಹಿಡಿದ ಹೋವರ್ಡ್ ಕಾರ್ಟರ್ ಅದನ್ನು ಕ್ಯಾಲ್ಸೆಡೊನಿ ಕಲ್ಲು ಅಂದುಕೊಂಡಿದ್ದರು. 1990ರ ದಶಕದಲ್ಲಿ ಇಟಲಿಯ ಖನಿಜ ತಜ್ಞ ವಿನ್ಸೆಂಜೊ ದೆ ಮಿಕೆಲೆ ಅನುಮಾನಪಟ್ಟು ಪರೀಕ್ಷಿಸಿದಾಗ ಅದು ಗಾಜು ಅಂತ ಗೊತ್ತಾಯಿತು. ಆದರೆ ಮನುಷ್ಯ ಮಾಡಿದ ಗಾಜಲ್ಲ. ಈಜಿಪ್ಟ್ ಮತ್ತು ಲಿಬಿಯಾ ಗಡಿಯ ಮರಳುಗಾಡಿನಲ್ಲಿ ಸುಮಾರು 2.9 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂದ ಯಾವುದೋ ಕಾಯದ ಶಾಖಕ್ಕೆ ಮರಳು ಕರಗಿ ಆದ ಗಾಜು. ನೈಲ್‌ನಿಂದ ನೂರಾರು ಕಿಲೋಮೀಟರ್ ದೂರದ ನೀರಿಲ್ಲದ ಜಾಗದಿಂದ ಯಾರೋ ಅದನ್ನು ತಂದರು. ಮುಂಜಾನೆಯ ಸೂರ್ಯನ ಜೀರುಂಡೆಗೆ ಆ ಬಣ್ಣವೇ ಸರಿ ಅಂತ ಇನ್ಯಾರೋ ಆರಿಸಿದರು.

ಯಾರು ತೊಟ್ಟರು, ಏನು ಉಳಿಯಿತು

ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಒಡವೆ ಹಾಕುತ್ತಿದ್ದರು. ಭುಜದಿಂದ ಭುಜಕ್ಕೆ ಹರಡುವ ಅಗಲವಾದ ಕಂಠಹಾರ ಗಂಡಸರಿಗೂ ಹೆಂಗಸರಿಗೂ ಸಮಾನ. ಅದು ಎಷ್ಟು ಭಾರವೆಂದರೆ ಮುಂದೆ ಜಾರದ ಹಾಗೆ ಬೆನ್ನಿನ ಮೇಲೆ ಎದುರು ತೂಕದ ಒಂದು ಪದಕ ತೂಗುಬಿಡುತ್ತಿದ್ದರು. ಸೈನಿಕರಿಗೆ ಫೇರೋ ಚಿನ್ನ ಕೊಟ್ಟು ಗೌರವಿಸುತ್ತಿದ್ದ. ಎಬಾನಾಳ ಮಗ ಅಹ್ಮೋಸ್ ಎಂಬ ನೌಕಾ ಯೋಧ ತನಗೆ ಏಳು ಸಲ ಚಿನ್ನದ ಬಹುಮಾನ ಸಿಕ್ಕಿದ್ದನ್ನು ಗೋರಿಯ ಗೋಡೆಯ ಮೇಲೆ ಹೆಮ್ಮೆಯಿಂದ ಕೆತ್ತಿಸಿದ್ದಾನೆ. ಅದೇ ಕಾಲದ ರಾಣಿ ಅಹ್ಹೋಟೆಪ್‌ಳ ಗೋರಿಯಲ್ಲಿ ಚಿನ್ನದ ಮೂರು ದೊಡ್ಡ ನೊಣಗಳು ಸಿಕ್ಕಿವೆ. ಎಷ್ಟು ಓಡಿಸಿದರೂ ಬಿಡದೆ ಮೇಲೆ ಬೀಳುವ ನೊಣ ಛಲಕ್ಕೆ ಗುರುತು.

ಇಷ್ಟೆಲ್ಲ ಚಿನ್ನ ಗೋರಿ ಸೇರಿದರೆ ಕಳ್ಳರು ಸುಮ್ಮನಿರುತ್ತಾರಾ? ಒಂಬತ್ತನೇ ರಾಮ್ಸೆಸ್‌ನ ಕಾಲದ, ಕ್ರಿ.ಪೂ. 1110ರ ಸುಮಾರಿನ ಒಂದು ವಿಚಾರಣೆಯ ದಾಖಲೆ ಉಳಿದಿದೆ. ಅಮೆನ್‌ಪ್ನುಫೆರ್ ಎಂಬ ಕಲ್ಲುಕುಟಿಗ ತನ್ನ ಗುಂಪಿನ ಜೊತೆ ರಾಜ ಸೊಬೆಕೆಮ್ಸಾಫ್‌ನ ಗೋರಿ ಒಡೆದದ್ದನ್ನು ಒಪ್ಪಿಕೊಳ್ಳುತ್ತಾನೆ. ರಾಜ ರಾಣಿಯರ ಮೈಮೇಲಿದ್ದ ಚಿನ್ನ, ತಾಯಿತಗಳನ್ನು ಕಿತ್ತುಕೊಂಡು ಪೆಟ್ಟಿಗೆಗಳಿಗೆ ಬೆಂಕಿ ಹಚ್ಚಿದರಂತೆ. ಒಟ್ಟು 160 ದೆಬೆನ್ ಚಿನ್ನ, ಅಂದರೆ ಸುಮಾರು ಹದಿನಾಲ್ಕೂವರೆ ಕಿಲೋ. ಎಂಟು ಜನರಿಗೆ ತಲಾ 20 ದೆಬೆನ್. ಒಮ್ಮೆ ಸಿಕ್ಕಿಬಿದ್ದಾಗ ಅವನು ತನ್ನ ಪಾಲನ್ನು ಒಬ್ಬ ಗುಮಾಸ್ತನಿಗೆ ಲಂಚ ಕೊಟ್ಟು ಹೊರಬಂದ. ಗೆಳೆಯರು ಮತ್ತೆ ಪಾಲು ಕೊಟ್ಟರು. ಹೀಗೆ ಕದ್ದದ್ದನ್ನು ಕರಗಿಸಿಬಿಡುತ್ತಿದ್ದರು. ಗೂಡುಗಳ ಕಲ್ಲು, ಅದರಲ್ಲಿ ಬರೆದ ಹರಕೆ, ಬಣ್ಣ ಯಾವುದೂ ಲೆಕ್ಕಕ್ಕಿಲ್ಲ.

ಕಳ್ಳರ ಕಣ್ಣು ತಪ್ಪಿಸಿಕೊಂಡರೂ ಇನ್ನೊಂದು ತೊಂದರೆ ಇದೆ. ಚಿನ್ನ, ಕಲ್ಲು ಉಳಿಯುತ್ತವೆ. ಪೋಣಿಸಿದ ದಾರ ಉಳಿಯುವುದಿಲ್ಲ. ಸಾವಿರಾರು ಮಣಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಇವತ್ತು ಮ್ಯೂಸಿಯಂಗಳಲ್ಲಿ ನಾವು ನೋಡುವ ಎಷ್ಟೋ ಹಾರಗಳು ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಪೋಣಿಸಿದವು. ಮಣಿ ಅಸಲಿ, ಕ್ರಮ ವಿದ್ವಾಂಸರ ಊಹೆ.

ಹಾಗಾಗಿಯೇ 1901ರಲ್ಲಿ ಅಬಿಡೋಸ್‌ನಲ್ಲಿ ಪೆಟ್ರಿಯ ಕೆಲಸಗಾರರಿಗೆ ಸಿಕ್ಕದ್ದು ಅಷ್ಟು ಅಪರೂಪದ್ದು. ಮೊದಲ ರಾಜವಂಶದ ರಾಜ ಜೆರ್‌ನ ಗೋರಿಯ ಗೋಡೆಯ ಬಿರುಕಿನಲ್ಲಿ ನಾರುಬಟ್ಟೆ ಸುತ್ತಿದ ಒಂದು ತೋಳಿನ ತುಂಡು ಇತ್ತು. ಕಳ್ಳನೊಬ್ಬ ಮುರಿದು ಅಲ್ಲಿ ತುರುಕಿ, ಆಮೇಲೆ ಬಂದು ತೆಗೆದುಕೊಳ್ಳಲು ಆಗದೇ ಹೋಗಿದ್ದಿರಬೇಕು. ಬಟ್ಟೆಯೊಳಗೆ ನಾಲ್ಕು ಬಳೆಗಳು. ಚಿನ್ನ, ಪಿರೋಜ, ಅಮೆಥಿಸ್ಟ್, ಲ್ಯಾಪಿಸ್. ಒಂದರಲ್ಲಿ ಚಿನ್ನದ ಬಿಲ್ಲೆ, ಪಿರೋಜದ ಬಿಲ್ಲೆ ಒಂದು ಬಿಟ್ಟು ಒಂದರಂತೆ, ಪ್ರತಿಯೊಂದರ ಮೇಲೂ ಗಿಡುಗ. ಇವು ಸುಮಾರು ಐದು ಸಾವಿರ ವರ್ಷದ ಹಿಂದಿನವು, ಪಿರಮಿಡ್ಡುಗಳಿಗಿಂತ ಹಳೆಯವು. ತೋಳಿನ ಮೇಲೇ ಇದ್ದದ್ದರಿಂದ ಪ್ರತಿ ಮಣಿಯ ಜಾಗವೂ ಖಚಿತವಾಗಿ ಗೊತ್ತಾಯಿತು. ಇಲ್ಲಿ ಊಹೆ ಬೇಕಾಗಲೇ ಇಲ್ಲ.

ಪೆಟ್ರಿ ಎಲ್ಲವನ್ನೂ ಕೈರೋ ಮ್ಯೂಸಿಯಂಗೆ ಕಳಿಸಿದರು. ಅಲ್ಲಿ ಬಳೆಗಳನ್ನು ಇಟ್ಟುಕೊಂಡು ತೋಳನ್ನೂ ನಾರುಬಟ್ಟೆಯನ್ನೂ ಎಸೆದುಬಿಟ್ಟರು. ಅಷ್ಟು ಹಳೆಯ ಕಾಲದಲ್ಲಿ ಶವವನ್ನು ಹೇಗೆ ಸಿದ್ಧಪಡಿಸುತ್ತಿದ್ದರು ಎನ್ನುವುದಕ್ಕೆ ಆ ಬಟ್ಟೆ ಒಂದು ಅಪೂರ್ವ ಸಾಕ್ಷಿಯಾಗಿತ್ತು. ಬಳೆಗಳು ರಾಣಿಯದಿರಬೇಕು ಅಂತ ಪೆಟ್ರಿ ಭಾವಿಸಿದ್ದರು, ರಾಜನದೇ ಇರಬಹುದು ಅನ್ನುವವರೂ ಇದ್ದಾರೆ. ಇವತ್ತಾಗಿದ್ದರೆ ಮೂಳೆ ನೋಡಿ ಹೇಳಬಹುದಿತ್ತು. ಮೂಳೆಯೇ ಇಲ್ಲ.